ಶಿವಾಜಿನಗರದಿಂದ ತಂದ ಹೆಣ್ಣು ಫೈಟರ್ ಮೀನು, ಎಂಟು ತಿಂಗಳಾದ ಮೇಲೆ

ಶಿವಾಜಿನಗರದ ಕಡೆ ಇರುವ ಒಂದು ಸಣ್ಣ ಅಕ್ವೇರಿಯಂ ಅಂಗಡಿಯಿಂದ ಕಳೆದ ಸೆಪ್ಟೆಂಬರ್‌ನಲ್ಲಿ ಹೆಣ್ಣು ಬೆಟ್ಟಾ ತಂದೆ. ಫೈಟರ್ ಅಂತೀವಲ್ಲ, ಅದೇ. ಬೆಲೆ 100 ರೂಪಾಯಿ. ಮೀನು ತುಂಬಾ ಚೆನ್ನಾಗಿದೆ, ಆದರೆ ಅಂಗಡಿಯವರು ಹೇಳಿದ್ದೆಲ್ಲ ಸರಿಯಿರಲಿಲ್ಲ.

ಮೊದಲು ಒಳ್ಳೆಯದು. ಗಿಡ್ಡ ರೆಕ್ಕೆ ಇದ್ದರೆ ಹೆಣ್ಣು ಅಂತ ನಾನು ತಿಳಿದಿದ್ದೆ. ಪ್ಲಕಾಟ್ ಅನ್ನೋ ಬೆಟ್ಟಾ ತಳಿಯ ಗಂಡಿಗೂ ರೆಕ್ಕೆ ಗಿಡ್ಡವೇ ಇರುತ್ತೆ ಅಂತ ಅಂಗಡಿಯ ಅಣ್ಣ ಹೇಳಿದರು. ಮೊಬೈಲ್ ಟಾರ್ಚ್ ಹಾಕಿ ಹೊಟ್ಟೆ ಕೆಳಗಿನ ಬಿಳಿ ಚುಕ್ಕೆ ತೋರಿಸಿದರು, ಮೊಟ್ಟೆ ಬರುವ ಜಾಗ ಅದು. ಎಳೆ ಗಂಡುಗಳಲ್ಲೂ ಕೆಲವೊಮ್ಮೆ ಕಾಣುತ್ತಂತೆ, ಅದಕ್ಕೆ ಅದೊಂದನ್ನೇ ನಂಬದೆ ಮೈ, ರೆಕ್ಕೆ ಎಲ್ಲಾ ನೋಡಿ ಆರಿಸಿ ಕೊಟ್ಟರು. ಇಷ್ಟು ತಾಳ್ಮೆಯಿಂದ ಯಾರು ಹೇಳ್ತಾರೆ?

ತಂದಾಗ ಬಾಲ ಸೇರಿ 3 ಸೆಂಟಿಮೀಟರ್ ಇತ್ತು. "ಅಕ್ಕ, ಇದು ಪೂರ್ತಿ ಬೆಳೆದರೂ ಎರಡು, ಎರಡೂವರೆ ಇಂಚು ಅಷ್ಟೇ, ಗಂಡಿನಷ್ಟು ಆಗಲ್ಲ" ಅಂದಿದ್ದರು. ಅದು ನಿಜ. ಮೊದಲ ಎರಡು ತಿಂಗಳು ಬೇಗ ಬೆಳೆಯಿತು, ಗಾಜಿಗೆ ಸ್ಕೇಲ್ ಹಿಡಿದು ನೋಡಿದರೆ 4 ಸೆಂಟಿಮೀಟರ್ ದಾಟಿತ್ತು.

ಆಮೇಲೆ ಡಿಸೆಂಬರ್ ಬಂತು. ಬೆಂಗಳೂರಲ್ಲಿ ಹೀಟರ್ ಬೇಡ, ಈ ಬೌಲ್ ಸಾಕು ಅಂತ ಅವರೇ ಎರಡು ಲೀಟರಿನ ಬೌಲ್ ಕೊಟ್ಟಿದ್ದರು. ರಾತ್ರಿ ಚಳಿಗೆ ನೀರು 20 ಡಿಗ್ರಿಗೆ ಇಳಿಯಿತು. ಮೀನು ತಳದಲ್ಲಿ ಸುಮ್ನೆ ಬಿದ್ದುಕೊಂಡು, ಹಾಕಿದ ಕಾಳು ಮುಟ್ಟುತ್ತಿರಲಿಲ್ಲ. ಒಂದೂವರೆ ತಿಂಗಳು ಒಂದು ಕೂದಲಷ್ಟೂ ಬೆಳೆಯಲಿಲ್ಲ. ನನಗೆ ನಿಜಕ್ಕೂ ಸಂಕಟ ಆಯಿತು. ಥಾಯ್ಲೆಂಡ್ ಕಡೆಯ ಬಿಸಿ ನೀರಿನ ಮೀನು ಅದು, 25ರಿಂದ 28 ಡಿಗ್ರಿ ಬೇಕು. ತಣ್ಣಗಾದರೆ ಹಸಿವೂ ಕಡಿಮೆ, ಬೆಳವಣಿಗೆಯೂ ನಿಧಾನ. ಜೊತೆಗೆ ಅಷ್ಟು ಕಡಿಮೆ ನೀರಿನಲ್ಲಿ ಕೊಳೆ ಬೇಗ ತುಂಬುತ್ತೆ.

ಬೇರೆ ಕಡೆಯಿಂದ 20 ಲೀಟರ್ ಟ್ಯಾಂಕು, 25 ವಾಟ್ ಹೀಟರ್ ತಂದೆ. ಕಾವೇರಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದೆ. ನಾಲ್ಕೇ ದಿನಕ್ಕೆ ಮೇಲೆ ಬಂದು ತಿನ್ನತೊಡಗಿತು! ಈಗ ಐದೂವರೆ ಸೆಂಟಿಮೀಟರ್, ಎರಡು ತಿಂಗಳಿಂದ ಅಷ್ಟೇ ಇದೆ. ಇನ್ನು ಉದ್ದ ಆಗಲಿಕ್ಕಿಲ್ಲ, ಹೊಟ್ಟೆ ಮಾತ್ರ ಸ್ವಲ್ಪ ದುಂಡಗಾಗಿದೆ. ಬೆಳೆಯಲಿ ಅಂತ ಜಾಸ್ತಿ ಹಾಕಬೇಡಿ, ಹೊಟ್ಟೆ ಉಬ್ಬುತ್ತೆ ಅಷ್ಟೇ.

ಮೀನಿಗಾಗಿ ಆ ಅಂಗಡಿಗೆ ಧೈರ್ಯವಾಗಿ ಹೋಗಿ. ಕವರಿಗೆ ಹಾಕುವ ಮುಂಚೆ ನಿಮ್ಮ ಎದುರೇ ಒಂದು ಕಾಳು ತಿನ್ನಿಸಿ ತೋರಿಸಲು ಹೇಳಿ, ಬೇಜಾರಿಲ್ಲದೆ ತೋರಿಸುತ್ತಾರೆ. ಬೌಲ್ ಮಾತ್ರ ಬೇಡ ಅನ್ನಿ.