ಎಸ್‌ಟಿ-ಲಿಂಕ್ ನಕಲು ತೆಗೆದುಕೊಳ್ಳುವವರೇ, ಕವರ್ ಮೇಲಿನ ಅಕ್ಷರ ನಂಬಬೇಡಿ

ಮಂಗಳೂರಿನಲ್ಲಿ ಎಸ್‌ಟಿಎಂ32 (ಎಸ್‌ಟಿ ಕಂಪನಿಯ ಮೈಕ್ರೊಕಂಟ್ರೋಲರ್ ಚಿಪ್) ಕಲಿಯುತ್ತಿರುವವರು, ಮುಖ್ಯವಾಗಿ ಪ್ರಾಜೆಕ್ಟ್ ಗಡಿಬಿಡಿಯಲ್ಲಿರುವ ಇಂಜಿನಿಯರಿಂಗ್ ಮಕ್ಕಳು, ದಯವಿಟ್ಟು ಓದಿ. ಪೆನ್‌ಡ್ರೈವ್ ಥರ ಕಾಣುವ, ಅಲ್ಯೂಮಿನಿಯಂ ಕವರಿನ ಎಸ್‌ಟಿ-ಲಿಂಕ್ ವಿ2 (ಆ ಚಿಪ್ಪಿಗೆ ಕೋಡ್ ಹಾಕಿ ಪರೀಕ್ಷಿಸುವ ಡಿಬಗ್ಗರ್) ನಕಲು ಬರುತ್ತದಲ್ಲ, ಅದನ್ನು ಹಂಪನಕಟ್ಟೆ ಕಡೆಯ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ.

ಕವರ್ ಮೇಲೆ ಹತ್ತೂ ಪಿನ್ನಿನ ಹೆಸರು ಅಚ್ಚಾಗಿದೆ. ಅದನ್ನು ನೋಡಿಯೇ ಬ್ಲೂ ಪಿಲ್ ಎಂಬ ಎಸ್‌ಟಿಎಂ32 ಬೋರ್ಡಿಗೆ ನಾಲ್ಕು ವೈರ್ ಹಾಕಿದೆ. ಎಲ್‌ಇಡಿ ಉರಿಯಿತು. ಕಂಪ್ಯೂಟರಿಗೆ ಡಿಬಗ್ಗರ್ ಸಿಕ್ಕಿತು. ಚಿಪ್ ಮಾತ್ರ ಸಿಗುವುದೇ ಇಲ್ಲ! ಡ್ರೈವರ್ ಮತ್ತೆ ಹಾಕಿದೆ, ವೈರ್ ಬದಲಿಸಿದೆ, ಸ್ಪೀಡ್ ಇಳಿಸಿದೆ. ಟಾರ್ಗೆಟ್ ಇಲ್ಲ, ಟಾರ್ಗೆಟ್ ಇಲ್ಲ, ಅದೊಂದೇ ಉತ್ತರ.

ಅಂಗಡಿಗೆ ಫೋನ್ ಮಾಡಿದರೆ, "ನಿಮ್ಮ ಬೋರ್ಡೇ ಹಾಳಾಗಿರಬೇಕು ಮಾರಾಯ್ರೇ, ಬೇರೆ ತಗೊಳ್ಳಿ" ಎಂದರು. ಅವರಲ್ಲಿಯೇ ಇನ್ನೊಂದು ಬೋರ್ಡ್ ತಂದೆ. ಅದೂ ಸಿಗಲಿಲ್ಲ.

ಕೊನೆಗೆ ಡಿಬಗ್ಗರಿನ ಕವರ್ ಜಾರಿಸಿ ತೆಗೆದೆ. ಒಳಗಿನ ಬೋರ್ಡಿನಲ್ಲೂ ಪಿನ್ ಹೆಸರುಗಳು ಸಣ್ಣ ಬಿಳಿ ಅಕ್ಷರದಲ್ಲಿವೆ. ಕವರಿನಲ್ಲಿ ಎಸ್‌ಡಬ್ಲ್ಯುಸಿಎಲ್‌ಕೆ (ಡಿಬಗ್ ಕ್ಲಾಕ್) ಎಂದಿರುವ ಜಾಗದಲ್ಲಿ ಒಳಗೆ ಆರ್‌ಎಸ್‌ಟಿ (ರೀಸೆಟ್)! ಯಾವುದೋ ಬೋರ್ಡಿಗೆ ಯಾವುದೋ ಕವರ್ ತುರುಕಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಒಳಗಿನ ಅಕ್ಷರ ನೋಡಿ ವೈರ್ ಹಾಕಿದ ಕೂಡಲೇ ಎರಡೂ ಬೋರ್ಡ್ ಕನೆಕ್ಟ್ ಆದವು. ಎರಡೂ! ಹಳೆಯ ಬೋರ್ಡಿಗೆ ಏನೂ ಆಗಿರಲಿಲ್ಲ. ಸುಮ್ನೆ ನನ್ನ ದುಡ್ಡು ಹೋಯಿತು.

ತೆಗೆದುಕೊಂಡು ಹೋಗಿ ತೋರಿಸಿದೆ. "ಕವರ್ ತೆಗೆದಿದ್ದೀರಲ್ಲ, ಇನ್ನು ವಾಪಸ್ ಆಗುವುದಿಲ್ಲ." ಕವರ್ ತೆಗೆಯದೆ ಗೊತ್ತಾಗುವುದು ಹೇಗೆ ಅಂತ ಕೇಳಿದೆ. "ಈ ರೇಟಿಗೆ ಇಷ್ಟೇ ಬರುವುದು. ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ." ಕಾಲೇಜು ಹುಡುಗರೆಲ್ಲ ನಿಂತು ನೋಡುತ್ತಿದ್ದಾರೆ, ಇವರು ನನಗೆ ವೈರ್ ಹಾಕಲು ಬರುವುದಿಲ್ಲ ಎಂಬಂತೆ ಮಾತಾಡುತ್ತಾರೆ. ತಲೆ ತಗ್ಗಿಸಿ ಬರಬೇಕಾಯಿತು.

ಅದಲುಬದಲಾಗಿದ್ದು 3.3 ವೋಲ್ಟ್ ಮತ್ತು 5 ವೋಲ್ಟ್ ಆಗಿದ್ದರೆ? ಆ ಚಿಪ್ಪಿಗೆ 3.6 ವೋಲ್ಟಿಗಿಂತ ಜಾಸ್ತಿ ಕೊಡುವ ಹಾಗೇ ಇಲ್ಲ. ಸುಟ್ಟೇ ಹೋಗಬಹುದಿತ್ತು. ಆಗಲೂ "ನಿಮ್ಮ ಬೋರ್ಡೇ ಹಾಳು" ಅನ್ನುತ್ತಿದ್ದರು, ಅಲ್ವಾ?

ಇನ್ನೂ ಒಂದುಂಟು. ಇಂಥ ಎಷ್ಟೋ ನಕಲುಗಳಲ್ಲಿ ಆರ್‌ಎಸ್‌ಟಿ ಪಿನ್ ಎಸ್‌ಟಿಎಂ8ಗೆ (ಅದೇ ಕಂಪನಿಯ 8-ಬಿಟ್ ಚಿಪ್) ಮಾತ್ರ ಕೆಲಸ ಮಾಡುತ್ತದೆ. ನನ್ನದೂ ಹಾಗೆಯೇ, ಆ ಪಿನ್ನಿನಿಂದ ಎಸ್‌ಟಿಎಂ32 ರೀಸೆಟ್ ಆಗುವುದಿಲ್ಲ. ಕೋಡಿನಲ್ಲಿ ಡಿಬಗ್ ಪಿನ್ ಬಂದ್ ಆಗಿಬಿಟ್ಟರೆ, ನಿಮ್ಮ ಕೋಡ್ ಓಡದಂತೆ ಬೋರ್ಡಿನ ಬೂಟ್0 ಜಂಪರ್ 1ಕ್ಕೆ ಹಾಕಿ, ಬೋರ್ಡಿನ ರೀಸೆಟ್ ಒತ್ತಿ, ಆಮೇಲೆ ಚಿಪ್ ಅಳಿಸಿ.

ತೆಗೆದುಕೊಳ್ಳಲೇಬೇಕಾದರೆ ಅಂಗಡಿಯಲ್ಲೇ ಕವರ್ ತೆಗೆಸಿ ನೋಡಿ. ಒಪ್ಪದಿದ್ದರೆ ದುಡ್ಡು ಕೊಡಬೇಡಿ, ಬಂದುಬಿಡಿ. ನನ್ನನ್ನು ಕೇಳಿದರೆ, ಸ್ವಲ್ಪ ಜಾಸ್ತಿಯಾದರೂ ಎಸ್‌ಟಿ ಕಂಪನಿಯದೇ ನ್ಯೂಕ್ಲಿಯೊ-64 ಬೋರ್ಡ್ ತಗೊಳ್ಳಿ. ಅದರಲ್ಲೇ ಅಸಲಿ ಎಸ್‌ಟಿ-ಲಿಂಕ್ ಇರುತ್ತದೆ, ಸಿಎನ್2 ಎಂಬ ಜಂಪರ್ ಇರುವ ಮಾದರಿಯಾದರೆ ಅವೆರಡನ್ನೂ ತೆಗೆದು ಬೇರೆ ಬೋರ್ಡಿಗೂ ಬಳಸಬಹುದು. ಆ ಅಂಗಡಿಗೆ ನಾನಂತೂ ಇನ್ನು ಕಾಲಿಡುವುದಿಲ್ಲ.