ಮಂಡಿ ಲೆಕ್ಕದ ಎಪಿಐಗೆ ಕಾವಲು: ಕ್ಲೌಡ್ ಗುರುತಿನ ಸೇವೆ ಮತ್ತು ಸ್ವಂತ ಸರ್ವರಿನ ಕೀಕ್ಲೋಕ್

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ವಹಿವಾಟು ನಡೆಸುವ ನಾಲ್ಕು ಮಂಡಿಗಳಿಗೆ ನಾನು ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೇನೆ. ಹರಾಜಿನ ದರವನ್ನು ಎಲ್ಲರೆದುರು ಕೂಗಿಯೇ ಹೇಳುವುದರಿಂದ ಅದರಲ್ಲಿ ಗುಟ್ಟೇನೂ ಇಲ್ಲ. ಆದರೆ ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾವ ವ್ಯಾಪಾರಿ ಎಷ್ಟು ಬಾಕಿ ಉಳಿಸಿಕೊಂಡಿದ್ದಾನೆ ಎಂಬುದು ಪಕ್ಕದ ಮಂಡಿಯವರಿಗೆ ತಿಳಿಯಕೂಡದು. 15 ಕೆಜಿಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ 2023ರ ಜುಲೈನಂತಹ ದಿನಗಳಲ್ಲಿ ಈ ಅಂಕಿಗಳಿಗೆ ಎಷ್ಟು ಬೆಲೆಯೆಂದು ಮಾರುಕಟ್ಟೆಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ನಾಲ್ಕೂ ಮಂಡಿಗಳ ಲೆಕ್ಕ ಒಂದೇ ಎಪಿಐ (ಆ್ಯಪ್‌ಗಳು ಸರ್ವರಿನಿಂದ ಮಾಹಿತಿ ಕೇಳುವ ಬಾಗಿಲು) ಹಿಂದೆ ಇರುವುದರಿಂದ, ಕಾವಲು ಎಲ್ಲಿ ಕೂರಬೇಕು ಎಂಬುದೇ ನನಗೆ ಮುಖ್ಯ ಪ್ರಶ್ನೆಯಾಗಿತ್ತು.

ಮೊದಲ ಒಂದು ವರ್ಷ, ಲಾಗಿನ್ ಆಗುವವರು ಯಾರೆಂದು ನಮ್ಮ ಪರವಾಗಿ ಪರೀಕ್ಷಿಸಿಕೊಡುವ, ಹಣ ಕೊಟ್ಟು ಬಳಸುವ ಒಂದು ಕ್ಲೌಡ್ ಗುರುತಿನ ಸೇವೆಯಲ್ಲಿದ್ದೆ. ಅದರ ಹೆಸರು ಇಲ್ಲಿ ಬೇಡ. ಆಮೇಲೆ ಬಾಡಿಗೆ ಸರ್ವರಿನಲ್ಲಿ ನಾನೇ ಕೀಕ್ಲೋಕ್ ಹೂಡಿಕೊಂಡೆ. ಇದು ಅದೇ ಕೆಲಸ ಮಾಡುವ ಮುಕ್ತ ತಂತ್ರಾಂಶ. 2014ರಲ್ಲಿ ಮೊದಲು ಬಿಡುಗಡೆಯಾಗಿ, 2023ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಆಶ್ರಯಕ್ಕೆ ಬಂತು. ನನ್ನ ಒಲವು ಇದರ ಕಡೆಗೇ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಲಾಗಿನ್ ಮತ್ತು ಅನುಮತಿಗೆಂದು ಇರುವ ಓಆತ್ 2.0 ಮತ್ತು ಓಪನ್‌ಐಡಿ ಕನೆಕ್ಟ್ ಪದ್ಧತಿಗಳನ್ನೇ ಎರಡೂ ಪಾಲಿಸುವುದರಿಂದ ಸೌಲಭ್ಯಗಳ ಪಟ್ಟಿಯನ್ನು ಇಲ್ಲಿ ಒಪ್ಪಿಸುವುದಿಲ್ಲ.

ಕ್ಲೌಡ್ ಸೇವೆಯನ್ನು ಹೂಡಲು ಒಂದು ಮಧ್ಯಾಹ್ನ ಸಾಕಾಯಿತು. ಲಾಗಿನ್ ಪುಟ ಸಿದ್ಧವಾಗಿತ್ತು, ಮಂಡಿಯ ರೈಟರುಗಳ ಖಾತೆಗಳನ್ನೂ ತೆರೆದೆ. ಆದರೆ ಲಾಗಿನ್ ಆದ ಮೇಲೆ ಕೈಗೆ ಬಂದ ಆಕ್ಸೆಸ್ ಟೋಕನ್, ಅಂದರೆ ಎಪಿಐ ಬಾಗಿಲಲ್ಲಿ ತೋರಿಸಬೇಕಾದ ಅನುಮತಿ ಚೀಟಿ, ನನ್ನ ಎಪಿಐಗೆ ಅರ್ಥವೇ ಆಗಲಿಲ್ಲ. ನನ್ನ ಎಪಿಐ ಓದಬಲ್ಲದ್ದು ಜೆಡಬ್ಲ್ಯೂಟಿ ಎಂಬ ಸಹಿ ಹಾಕಿದ ಟೋಕನನ್ನು ಮಾತ್ರ; ಅದು ಚುಕ್ಕೆಗಳಿಂದ ಬೇರ್ಪಟ್ಟ ಮೂರು ಭಾಗಗಳ ಉದ್ದನೆಯ ಸಾಲು. ಇಲ್ಲಿ ಬಂದದ್ದು ಒಂದೂ ಚುಕ್ಕೆಯಿಲ್ಲದ ಮೂವತ್ತು ಚಿಲ್ಲರೆ ಅಕ್ಷರಗಳ ತುಂಡು. ಅದರ ಪಕ್ಕದಲ್ಲೇ ಐಡಿ ಟೋಕನ್ ಎಂಬ ಇನ್ನೊಂದು ಇತ್ತು, ಅದರಲ್ಲಿ ಎರಡು ಚುಕ್ಕೆಗಳೂ ಇದ್ದವು. ಸೀಸನ್ ಶುರುವಾಗಲು ಹದಿನೈದು ದಿನ ಉಳಿದಿತ್ತು. ನಾನು ಹಿಂದೆ ಮುಂದೆ ನೋಡದೆ ಐಡಿ ಟೋಕನನ್ನೇ ಎಪಿಐಗೆ ಕಳಿಸಿದೆ. ಸಹಿ ಸರಿಹೊಂದಿತು, ಹೊರಡಿಸಿದವರ ವಿಳಾಸ ಸರಿಹೊಂದಿತು, ಬಾಗಿಲು ತೆರೆಯಿತು.

ತಪ್ಪು ಬಯಲಾದದ್ದು ಏಳು ತಿಂಗಳ ನಂತರ, ವ್ಯಾಪಾರಿಗಳು ತಮ್ಮ ಖರೀದಿಯನ್ನಷ್ಟೇ ನೋಡಿಕೊಳ್ಳಲೆಂದು ನಾನು ಎರಡನೆಯ ಆ್ಯಪ್ ಬರೆದಾಗ. ವ್ಯಾಪಾರಿಯ ಪರೀಕ್ಷಾ ಖಾತೆಯಿಂದ ಬಂದ ಐಡಿ ಟೋಕನನ್ನು ರೈಟರುಗಳ ಎಪಿಐಗೆ ಕೊಟ್ಟು ನೋಡಿದರೆ ಇಡೀ ಮಂಡಿಯ ಬಾಕಿ ಪಟ್ಟಿ ಪರದೆಯ ಮೇಲೆ ಬಂತು. ಎರಡೂ ಆ್ಯಪ್‌ಗಳ ಟೋಕನ್‌ಗಳಿಗೆ ಒಂದೇ ಸೇವೆ ಸಹಿ ಹಾಕುತ್ತಿತ್ತು, ಮತ್ತು ಎರಡರಲ್ಲೂ ಮಂಡಿಯ ಸಂಖ್ಯೆ ಇತ್ತು. ಟೋಕನ್ ಯಾರಿಗಾಗಿ ಹೊರಟದ್ದು ಎಂದು ಹೇಳುವ ಆಡಿಯನ್ಸ್ ಎಂಬ ಅಂಶವನ್ನು ನನ್ನ ಎಪಿಐ ಓದುತ್ತಲೇ ಇರಲಿಲ್ಲ. ಐಡಿ ಟೋಕನ್ ಆ್ಯಪಿಗೆ ಬಳಕೆದಾರನ ಪರಿಚಯ ಹೇಳುವ ಪತ್ರವೇ ಹೊರತು, ಎಪಿಐ ಬಾಗಿಲಲ್ಲಿ ತೋರಿಸುವ ಅನುಮತಿ ಚೀಟಿಯಲ್ಲ.

ಆಡಿಯನ್ಸ್ ತಪಾಸಣೆಯನ್ನು ಹಾಕಿದೊಡನೆ ಎಲ್ಲ ರೈಟರುಗಳಿಗೂ 401, ಅಂದರೆ ಗುರುತು ಒಪ್ಪಿಗೆಯಾಗಲಿಲ್ಲ ಎಂಬ ಉತ್ತರ, ಬರತೊಡಗಿತು. ಪರಿಹಾರಕ್ಕೆ ಬೇಕಾದದ್ದು ಒಂದೇ ಸಾಲು: ಲಾಗಿನ್ ಕೋರಿಕೆಯಲ್ಲೇ ನನ್ನ ಎಪಿಐನ ಗುರುತನ್ನು ಸೇರಿಸಿ ಕಳಿಸಿದರೆ ಮಾತ್ರ ಆ ಸೇವೆ ಮೂರು ಭಾಗದ ಆಕ್ಸೆಸ್ ಟೋಕನ್ ಕೊಡುತ್ತಿತ್ತು, ಇಲ್ಲದಿದ್ದರೆ ಆ ಚುಕ್ಕೆಯಿಲ್ಲದ ತುಂಡನ್ನೇ ಕೊಡುತ್ತಿತ್ತು. ಈ ಒಂದು ಸಾಲನ್ನು ಹುಡುಕಲು ನನಗೆ ಆರು ಸಂಜೆಗಳು ಹಿಡಿದವು.

ಕೀಕ್ಲೋಕಿನಲ್ಲಿ ಈ ತೊಡಕು ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಲ್ಲಿಯೂ ಎಪಿಐನ ಹೆಸರು ಆಡಿಯನ್ಸ್‌ನಲ್ಲಿ ತಾನಾಗಿ ಬಂದು ಕೂರುವುದಿಲ್ಲ. ಕ್ಲೈಂಟ್, ಅಂದರೆ ಆ್ಯಪ್, ಪಡೆಯುವ ಟೋಕನ್ನಿನಲ್ಲಿ ಏನೇನಿರಬೇಕೆಂದು ಹೇಳುವ ಕ್ಲೈಂಟ್ ಸ್ಕೋಪಿಗೆ, ಆ ಹೆಸರನ್ನು ತುಂಬುವ ಆಡಿಯನ್ಸ್ ಮ್ಯಾಪರ್ ಒಂದನ್ನು ನಾವೇ ಸೇರಿಸಬೇಕು. ವ್ಯತ್ಯಾಸವಿರುವುದು ನೋಡುವ ಅನುಕೂಲದಲ್ಲಿ. ಆಡಳಿತ ಪುಟದಲ್ಲಿ ಕ್ಲೈಂಟನ್ನು ತೆರೆದು, ಸ್ಕೋಪ್‌ಗಳ ಕೆಳಗಿನ ಇವ್ಯಾಲ್ಯುಯೇಟ್ ಎಂಬಲ್ಲಿ ಬಳಕೆದಾರನ ಹೆಸರನ್ನು ಆರಿಸಿದರೆ, ಆತನಿಗೆ ಸಿಗಲಿರುವ ಆಕ್ಸೆಸ್ ಟೋಕನ್ನಿನ ಒಳಗೆ ಏನೇನಿರುತ್ತದೆ ಎಂಬುದು ಲಾಗಿನ್ ಮಾಡದೆಯೇ ಕಣ್ಣೆದುರಿಗೆ ಬರುತ್ತದೆ. ಆಡಿಯನ್ಸ್ ತಪ್ಪಿದ್ದನ್ನು ನಾನು ಹತ್ತು ನಿಮಿಷದಲ್ಲಿ ಕಂಡುಕೊಂಡೆ. ನನ್ನ ಒಲವಿಗೆ ಮುಕ್ಕಾಲು ಪಾಲು ಕಾರಣ ಈ ಒಂದು ಪುಟ.

ಎರಡನೆಯ ಕಾರಣ ಟೋಕನ್ನಿನ ಆಯಸ್ಸು. ಜೆಡಬ್ಲ್ಯೂಟಿಯನ್ನು ಎಪಿಐ ಸಹಿ ನೋಡಿಯೇ ಒಪ್ಪಿಕೊಳ್ಳುವುದರಿಂದ, ಖಾತೆಯನ್ನು ಮುಚ್ಚಿದರೂ ಕೊಟ್ಟ ಟೋಕನ್ ಅವಧಿ ಮುಗಿಯುವವರೆಗೆ ಬದುಕಿರುತ್ತದೆ. ಕ್ಲೌಡ್ ಸೇವೆಯಲ್ಲಿ ಮೊದಲೇ ಇಟ್ಟಿದ್ದ ಅವಧಿ 24 ಗಂಟೆ. ಮಧ್ಯಾಹ್ನ ಮಾಲೀಕರೊಡನೆ ಜಗಳವಾಡಿ ಎದುರಿನ ಮಂಡಿಗೆ ಸೇರಿಕೊಂಡ ರೈಟರೊಬ್ಬರು ರಾತ್ರಿಯೂ ಹಳೆಯ ಮಂಡಿಯ ಲೆಕ್ಕ ನೋಡಬಹುದಾಗಿತ್ತು, ನೋಡಿಯೂ ಇದ್ದರು. ಅವಧಿಯನ್ನು ನಾನು ಬದಲಿಸಬಹುದಿತ್ತು, ಗಮನಿಸಿರಲಿಲ್ಲ. ಕೀಕ್ಲೋಕಿನಲ್ಲಿ ಅದು ಮೊದಲಿನಿಂದಲೇ 5 ನಿಮಿಷ, ಮತ್ತು ನನ್ನಂಥ ಮರೆಗುಳಿಗೆ ಅದೇ ಕ್ಷೇಮ.

ದರದ ಫಲಕಕ್ಕೆ ಜೋಡಿಸಿದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಕಾಟ ಮಾತ್ರ ಎರಡೂ ಕಡೆ ಒಂದೇ ಆಗಿತ್ತು. ಅದರಲ್ಲಿ ಗಡಿಯಾರದ ಬ್ಯಾಟರಿ ಇಲ್ಲದಿರುವುದರಿಂದ, ಕರೆಂಟು ಹೋಗಿ ಬಂದಾಗ ಅದು ಹಳೆಯ ಹೊತ್ತಿನಲ್ಲೇ ಎಚ್ಚರಗೊಂಡು, ಅವಧಿ ಮುಗಿದ ಟೋಕನನ್ನು ಜೀವಂತವೆಂದು ನಂಬಿ ಕಳಿಸುತ್ತಿತ್ತು. 401 ಬಂದರೆ ಒಂದು ಸಲ ಹೊಸ ಟೋಕನ್ ತಂದು ಮತ್ತೆ ಕೇಳುವಂತೆ ಬರೆದ ಮೇಲೆ ಸರಿಹೋಯಿತು.

ಕ್ಲೌಡ್ ಸೇವೆ ಈ ಪೈನಂಥ ಯಂತ್ರಗಳಿಗೆ ಕೊಡುವ ಟೋಕನ್‌ಗಳನ್ನು ಬೇರೆಯಾಗಿ ಎಣಿಸಿ ಹಣ ಕೇಳುತ್ತಿತ್ತು. ಕೀಕ್ಲೋಕಿನಲ್ಲಿ ಎಣಿಕೆಯೇ ಇಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ತೂಕವಿದೆ. ಕೀಕ್ಲೋಕ್ ಜಾವಾದ ಮೇಲೆ ಓಡುವುದರಿಂದ ಅದಕ್ಕೆ ಮೆಮೊರಿ ಬೇಕು; 1 ಜಿಬಿಯ ಸರ್ವರಿನಲ್ಲಿ ಜಿಪುಣತನ ಮಾಡಿ ಕೊನೆಗೆ 4 ಜಿಬಿಗೆ ಹೋದೆ, ತಿಂಗಳ ಖರ್ಚು ಆದರೂ ಹಿಂದಿನ ಬಿಲ್ಲಿನ ಅರ್ಧದಷ್ಟಿದೆ. ಹೊಸ ಆವೃತ್ತಿಗಳು ಬಂದಂತೆಲ್ಲ ಡೇಟಾಬೇಸಿನ ನಕಲು ತೆಗೆದಿಟ್ಟು ಏರಿಸಿಕೊಳ್ಳುವ ಕೆಲಸ ನಮ್ಮದೇ. ರಾತ್ರಿ ಹತ್ತರ ಮೇಲೆ ಮಂಡಿ ಮಲಗಿದಾಗ ಸರ್ವರ್ ಮುಂದೆ ಕೂರುವುದು ನನಗೆ ರೂಢಿಯಾಗಿದೆ. ಆ ರೂಢಿ ಇಲ್ಲದವರು ಕ್ಲೌಡ್ ಸೇವೆಯಲ್ಲೇ ಇರುವುದು ಲೇಸು. ರೈತರು ಮೊಬೈಲ್ ಸಂಖ್ಯೆ ಮತ್ತು ಓಟಿಪಿಯಿಂದ ಒಳಬರಬೇಕೆಂದಿದ್ದರೂ ಅದೇ ಮಾತು, ಏಕೆಂದರೆ ಎಸ್ಸೆಮ್ಮೆಸ್ ಓಟಿಪಿ ಕೀಕ್ಲೋಕಿನ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಬರೆದು ಸೇರಿಸಬೇಕು. ನನ್ನ ಮಂಡಿಗಳಲ್ಲಿ ರೈತರಿಗೆ ಇಂದಿಗೂ ಕಾಗದದ ಪಟ್ಟಿಯೇ ಸಾಕಾಗಿದೆ.

ಒಂದು ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮಾತ್ರ ಎರಡಕ್ಕೂ ಹೊರಗೆ ಉಳಿದಿದೆ. ಅದರ ಹಳೆಯ ಕಂಟ್ರೋಲರಿಗೆ ಟೋಕನ್ ಪಡೆದು ನವೀಕರಿಸಿಕೊಳ್ಳುವ ಶಕ್ತಿಯಿಲ್ಲದ ಕಾರಣ, ತೂಕವನ್ನು ಬರೆಯಲು ಮಾತ್ರ ಬಿಡುವ, ಏನನ್ನೂ ಓದಲು ಬಿಡದ ಒಂದು ಎಪಿಐ ಕೀಲಿಯನ್ನು (ತಾನಾಗಿ ಬದಲಾಗದ ಗುಪ್ತಪದದಂಥದ್ದು) ಕೊಟ್ಟಿದ್ದೇನೆ. ತಿಂಗಳ ಮೊದಲ ಭಾನುವಾರ ಹೋಗಿ ಅದನ್ನು ಕೈಯಾರೆ ಬದಲಿಸಿ ಬರುತ್ತೇನೆ.