ಕಚ್ಚುವ ನಾಯಿಮರಿಗೆ ಆಟಿಕೆಯೋ, ಅಗಲಿಕೆಯೋ?

ಮುಂಬಯಿ ಬಳಿಯ ಡೊಂಬಿವಲಿಯ ಪುಟ್ಟ ಫ್ಲ್ಯಾಟಿನಲ್ಲಿ ಮರಿ ಸಾಕುವ ಕನ್ನಡಿಗರ ಮುಂದೆ ಎರಡು ದಾರಿಗಳಿವೆ: ಕೈಗೆ ಬದಲಾಗಿ ಆಟಿಕೆಯನ್ನು ಬಾಯಿಗೆ ಕೊಡುವುದು, ಇಲ್ಲವೇ ಆಟ ನಿಲ್ಲಿಸಿ ಎದ್ದುಹೋಗುವುದು.

ಮರಿಯ 28 ಹಾಲುಹಲ್ಲುಗಳು ಸುಮಾರು ನಾಲ್ಕನೆಯ ತಿಂಗಳಿನಿಂದ ಉದುರತೊಡಗಿ, ಏಳನೆಯ ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಮೂಡುವುದರಿಂದ, ಆ ದಿನಗಳ ಕಡಿತಕ್ಕೆ ಒಸಡಿನ ನವೆಯೂ ಕಾರಣವಾಗಿರುತ್ತದೆ. ಆಗ ರಬ್ಬರಿನ ಆಟಿಕೆಯೋ, ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟ ಬಟ್ಟೆಯೋ ನಿಜವಾದ ಉಪಶಮನ ನೀಡುತ್ತದೆ. ಆದರೆ ಪ್ರತಿ ಸಲವೂ ಕಚ್ಚಿದ ಮೇಲೆಯೇ ಆಟಿಕೆ ತೋರಿಸಿದರೆ, ಕಚ್ಚುವುದೇ ಅದನ್ನು ಪಡೆಯುವ ಉಪಾಯವೆಂದು ಮರಿ ಕಲಿತೀತು. ಆದ್ದರಿಂದ ಹಲ್ಲು ತಾಗುವ ಮೊದಲೇ ಕೊಡಬೇಕು.

ಗಮನ ಸೆಳೆಯಲು ಕಚ್ಚುವ ಮರಿಗೆ ಎದ್ದುಹೋಗುವುದೇ ಹೆಚ್ಚು ಫಲಕಾರಿ. ಅರ್ಧ ನಿಮಿಷ ಸಾಕು, ಆದರೆ ಮನೆಯವರೆಲ್ಲರೂ ಹಾಗೆಯೇ ನಡೆದುಕೊಳ್ಳಬೇಕು. ಅಜ್ಜಿ ಮಾತ್ರ ಮುದ್ದಿಸುತ್ತ ಕೂತರೆ ಪಾಠ ಕೆಡುತ್ತದೆ. ಬೇರೆ ಕೋಣೆಯಿಲ್ಲದ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಮಕ್ಕಳ ಅಡ್ಡಗೇಟು ಹಾಕಿದರಾಯಿತು. ಸಂಜೆಯ ಹುಚ್ಚಾಟಕ್ಕೆ ಬಹುಪಾಲು ನಿದ್ದೆಯ ಕೊರತೆಯೇ ಕಾರಣ. ಅದಕ್ಕೆ ಎರಡೂ ಔಷಧವಲ್ಲ, ಮಲಗಿಸಬೇಕು.

ನನ್ನ ಆಯ್ಕೆ, ಹಲ್ಲು ಬದಲಾಗುವ ತನಕ ಆಟಿಕೆಗೆ ಆದ್ಯತೆ, ಅನಂತರ ಅಗಲಿಕೆ. ಮೂತಿಗೆ ಹೊಡೆಯುವುದನ್ನು ನಾನು ಆಯ್ಕೆಯೆಂದೇ ಎಣಿಸುವುದಿಲ್ಲ, ಅದು ಭಯವನ್ನಷ್ಟೇ ಬೆಳೆಸುತ್ತದೆ. ಚರ್ಮ ಕಿತ್ತುಬಂದರೆ, ಮರಿ ಮನೆಯದೇ ಆಗಿದ್ದರೂ, ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ರೇಬಿಸ್ ಲಸಿಕೆಯ ಬಗ್ಗೆ ಅಂದೇ ವೈದ್ಯರನ್ನು ಕೇಳಬೇಕು.